ಅಪ್‌ಡೇಟ್: ಪ್ರೊಪೆಲ್ಲರ್ ಶಾಫ್ಟ್ ಲೆಕ್ಕದಲ್ಲಿ 211 ಹರ್ಟ್ಸ್ ಬಂದಿದ್ದು ಯಾಕೆ

ದಾವಣಗೆರೆ–ಚಿತ್ರದುರ್ಗ ಹೆದ್ದಾರಿಯಲ್ಲಿ ಪಿಕಪ್‌ನ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಕೊಳವೆ) 2800 ಆರ್‌ಪಿಎಂ ಹತ್ತಿರ ಗಡಗಡ ಅನ್ನುತ್ತೆ, ಸಿಮ್ಯುಲೇಶನ್ ಮಾತ್ರ ಮೊದಲ ಬಾಗು ಆವರ್ತನ (ಕೊಳವೆ ತಾನಾಗಿ ಬಾಗಿ ಕಂಪಿಸುವ ಅತಿ ಕಡಿಮೆ ಆವರ್ತನ) 211 ಹರ್ಟ್ಸ್ ತೋರಿಸುತ್ತೆ ಅಂತ ಕೇಳಿದ್ದೆ. ತಪ್ಪು ಸಿಕ್ಕಿತು: ಎರಡೂ ತುದಿಗೆ ಫಿಕ್ಸ್ಡ್ ಸಪೋರ್ಟ್ (ಅಲುಗದ ಬಿಗಿ ಹಿಡಿತ) ಕೊಟ್ಟಿದ್ದೆ. ತುದಿಯಲ್ಲಿರುವ ಯೂನಿವರ್ಸಲ್ ಜಾಯಿಂಟ್ ಅಂದರೆ ಕೀಲು, ಬಾಗುವುದನ್ನು ಹಿಡಿದಿಡಲ್ಲ. ತುದಿಗಳು ಕೀಲಿನಂತೆ ಓರೆಯಾಗಲು ಬಿಟ್ಟ ಮೇಲೆ ಅದೇ ಉಕ್ಕಿನ ಕೊಳವೆ (ಹೊರವ್ಯಾಸ 76 ಮಿ.ಮೀ., ದಪ್ಪ 3 ಮಿ.ಮೀ., ಉದ್ದ 1.5 ಮೀ.) 93 ಹರ್ಟ್ಸ್‌ಗೆ ಇಳಿಯಿತು, ಕೈಲೆಕ್ಕವೂ ಅಷ್ಟೇ. ಕ್ರಿಟಿಕಲ್ ವೇಗ (ಶಾಫ್ಟ್ ಸುತ್ತುವ ವೇಗ ಈ ಆವರ್ತನಕ್ಕೆ ಸಮವಾಗುವ ಹಂತ, 93×60) ಸುಮಾರು 5600 ಆರ್‌ಪಿಎಂ. ಆದರೆ ಓರೆಯಾಗಿ ಕೂತ ಜಾಯಿಂಟ್ ಒಂದು ಸುತ್ತಿಗೆ ಎರಡು ಸಲ ಒದೆಯುತ್ತೆ, ಹಾಗಾಗಿ ಅದರ ಅರ್ಧ, 2800ಕ್ಕೇ ಅನುರಣನ (ಒದೆತ ಮತ್ತು ಕೊಳವೆಯ ಆವರ್ತನ ಹೊಂದಿ ನಡುಕ ಹೆಚ್ಚುವುದು).

ದಪ್ಪ 4 ಮಿ.ಮೀ. ಮಾಡಿದ್ದು ದಂಡ: 92 ಹರ್ಟ್ಸ್! ದಪ್ಪ 3 ಮಿ.ಮೀ. ಇಟ್ಟು ಹೊರವ್ಯಾಸ 90 ಮಾಡಿದರೆ 111, ನಡುಕ 3300ರ ಆಚೆಗೆ ಹೋಗುತ್ತೆ. ಕೊಳವೆ ಬದಲಿಸುವ ಮುಂಚೆ ಶಾಫ್ಟ್‌ನ ಎರಡು ಯೋಕ್ (ಜಾಯಿಂಟ್ ಹಿಡಿಯುವ ಕವಲು) ಒಂದೇ ಸಮತಲದಲ್ಲಿವೆಯಾ ನೋಡಿ. ಸ್ಪ್ಲೈನ್ (ಶಾಫ್ಟ್‌ನ ಎರಡು ಭಾಗ ಒಂದರೊಳಗೊಂದು ಕೂರುವ ಹಲ್ಲಿನ ಜೋಡಣೆ) ಹಲ್ಲು ತಪ್ಪಿ ಕೂತರೂ ಇದೇ ಗಡಗಡ.