ಈ ವಾರದ ಸಮಸ್ಯೆ: ನಿಂತಲ್ಲೆ ಊರೊಂದು ಗಡಿಯ ದಾಟಿತ್ತು

ಬಸವನಗುಡಿಯಿಂದ (ಸಮಸ್ಯೆ ಕೊಟ್ಟವರು):
ಗೆಳೆಯರೇ, ಈ ಸಲ ಕಾಸರಗೋಡಿನ ಕಡೆ ಮುಖ ಮಾಡೋಣ. ನಾಲ್ಕನೇ ಸಾಲು ಇದು, ಮೊದಲ ಮೂರು ಸಾಲು ಬರೆದು ಪೂರಣ ಮಾಡುವುದು ನಿಮ್ಮ ಕೆಲಸ:

ನಿಂತಲ್ಲೆ ಊರೊಂದು ಗಡಿಯ ದಾಟಿತ್ತು

ಐದೈದು ಮಾತ್ರೆಯ ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ. ಆದಿಪ್ರಾಸ ಇರಲಿ, ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಬೇಕು. ಊರು ನಡೆಯುವುದಿಲ್ಲ, ಆದರೂ ಗಡಿ ದಾಟಬೇಕು. ಹೇಗೆ ದಾಟಿಸುತ್ತೀರೋ ನೋಡೋಣ.

ವಿಜಯನಗರದಿಂದ:
ಸಂತೆಯದೆ ಹೊಳೆಯದೇ ಹಿತ್ತಿಲಿನ ಬೇಲಿಯದೆ
ಅಂತರದ ಗೆರೆಯೊಂದು ಇರುಳಲ್ಲೆ ಬಿತ್ತು
ಎಂತು ಹೇಳಲಿ ಮಗುವೆ, ಕಲ್ಲೊಂದು ಕದಲಿಲ್ಲ
ನಿಂತಲ್ಲೆ ಊರೊಂದು ಗಡಿಯ ದಾಟಿತ್ತು

1956ರ ಅಕ್ಟೋಬರ್ 31ರ ರಾತ್ರಿ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿ ಮಲಗಿದ ಕಾಸರಗೋಡಿನವರು ಬೆಳಿಗ್ಗೆ ಕೇರಳದಲ್ಲಿ ಎದ್ದರು. ಬೇರೆ ಅರ್ಥ ನನಗೆ ಹೊಳೆಯಲೇ ಇಲ್ಲ.

ಬಸವನಗುಡಿಯಿಂದ:
ಅಜ್ಜಿ ಮೊಮ್ಮಗುವಿಗೆ ಹೇಳಿದ ಹಾಗಿದೆ. ಮೂರನೇ ಸಾಲಲ್ಲಿ ನನ್ನ ಕಣ್ಣು ತುಂಬಿತು.

ಜಯನಗರದಿಂದ:
ನನ್ನದು ಯಕ್ಷಗಾನದ ದಾರಿ. ರಾಮಾಯಣದ ಪ್ರಸಂಗ ಬರೆದ ಕುಂಬಳೆಯ ಕವಿ ಪಾರ್ತಿಸುಬ್ಬನನ್ನು ನೆನೆದು:

ಕುಂತು ನೋಡುವ ಮಂದಿ ಎದ್ದಿಲ್ಲ ಗದ್ದೆಯಲಿ
ಸಂತಸದ ಚೆಂಡೆ ದನಿ ಬಾನ ಮುಟ್ಟಿತ್ತು
ಅಂತು ಸುಬ್ಬನ ಹಾಡು ಲಂಕೆಗೊಯ್ದಿತು ನಮ್ಮ
ನಿಂತಲ್ಲೆ ಊರೊಂದು ಗಡಿಯ ದಾಟಿತ್ತು

ಮಂಜೇಶ್ವರದವಳು, ಈಗ ಮಲ್ಲೇಶ್ವರ:
ತಮ್ಮಾ, ಬಯಲಾಟದ ಗದ್ದೆಯಿಂದ ಲಂಕೆಗೆ ಹಾರಿದ್ದು ಬಹಳ ಚಂದ. ರಾಮಾಯಣದ ಪ್ರಸಂಗ ನೋಡುತ್ತಾ ಬೆಳೆದವಳು ನಾನು, ನೀವು ಹೇಳಿದ್ದು ಸುಳ್ಳಲ್ಲ. ಆದರೆ ನಮ್ಮ ಕಡೆ ‘ಕುಂತು’ ಅನ್ನುವುದಿಲ್ಲ, ‘ಕೂತು’ ಅನ್ನುತ್ತೇವೆ.

ಜಯನಗರದಿಂದ:
ಗೊತ್ತು ಅಕ್ಕ. ‘ಕೂತು’ ಅಂದರೆ ಪ್ರಾಸ ಕೆಡುತ್ತದೆ, ಅಲ್ವಾ?

ಮಂಜೇಶ್ವರದವಳು:
ಅದನ್ನೇ ಹೇಳಬೇಕು ಅಂತಿದ್ದೆ. ಪ್ರಾಸಕ್ಕಾಗಿ ಊರಿನ ಮಾತನ್ನೇ ಬಿಡಬೇಕಾಯಿತು ನೋಡಿ. ನಮ್ಮ ಮಂಜೇಶ್ವರದ ಕವಿ ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟು ಬರೆದರು. ಆಗ ಅದು ಸಣ್ಣ ಧೈರ್ಯ ಅಲ್ಲ, ಪದ್ಯ ಅಂದರೆ ಪ್ರಾಸ ಅನ್ನುವ ಕಾಲ. ಅವರು ಪ್ರಾಸ ಬಾರದೆ ಬಿಟ್ಟವರಲ್ಲ, ಅದರಲ್ಲಿ ಪಳಗಿಯೇ ಬಿಟ್ಟವರು. 1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಅಂತ ಕರೆಯಿತು. ಕಾಸರಗೋಡಿನ ಮೇಲೆ ಪದ್ಯ ಕೇಳಿ ಪ್ರಾಸ ಕಡ್ಡಾಯ ಮಾಡಿದ್ದು ನನಗೆ ಒಪ್ಪಿಗೆ ಇಲ್ಲ ರಾಯರೇ.

ಬಸವನಗುಡಿಯಿಂದ:
ಒಪ್ಪಿದೆ ಅಕ್ಕ, ಆ ನಿಯಮ ತೆಗೆದೆ. ಲಯ ಮಾತ್ರ ಇರಲಿ. ನೀವೇ ಬರೆಯಿರಿ.

ಮಂಜೇಶ್ವರದವಳು:
ಮನೆಯೊಳಗೆ ತುಳುಮಾತು, ಅಂಗಡಿಗೆ ಮಲಯಾಳ
ಶಾಲೆಯಲಿ ಕನ್ನಡದ ಪದ್ಯ ನಲಿದಿತ್ತು
ಹತ್ತು ಹೆಜ್ಜೆಯ ದಾರಿ, ಮೂರು ನಾಲಿಗೆಯೊಳಗೆ
ನಿಂತಲ್ಲೆ ಊರೊಂದು ಗಡಿಯ ದಾಟಿತ್ತು

ಇಲ್ಲಿ ಬೆಂಗಳೂರಿನಲ್ಲಿ ಗಡಿನಾಡು ಅಂದ ಕೂಡಲೇ ಎಲ್ಲರಿಗೂ ಜಗಳವೇ ನೆನಪಾಗುತ್ತದೆ. ನೋವು ಇದೆ, ಇಲ್ಲ ಅನ್ನುವುದಿಲ್ಲ. ನಮ್ಮ ಕಡೆಯ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ಕೊನೆವರೆಗೂ ಆ ನೋವು ಹೇಳಿದರು. ಅದೇ ರೈಗಳು ತುಳುವಿನಲ್ಲೂ ಕವಿತೆ ಬರೆದರು. ನಮ್ಮಲ್ಲಿ ದಿನಕ್ಕೆ ಹತ್ತು ಸಲ ಗಡಿ ದಾಟುತ್ತೇವೆ, ಬಾಯಲ್ಲೇ.

ವಿಜಯನಗರದಿಂದ:
ಅಕ್ಕ, ನಾನು ಗೆರೆ ಬಿದ್ದದ್ದನ್ನು ಮಾತ್ರ ನೋಡಿದ್ದೆ. ‘ಮೂರು ನಾಲಿಗೆ’ ನನಗೆ ಹೊಳೆಯಲಿಲ್ಲ.

ಬಸವನಗುಡಿಯಿಂದ:
ಈ ವಾರದ ಪೂರಣ ಇದೇ. ವಾಡಿಕೆಯಂತೆ ಮುಂದಿನ ಸಾಲು ಅಕ್ಕನೇ ಕೊಡಬೇಕು.

ಮಂಜೇಶ್ವರದವಳು:
ಕೊಡ್ತೇನೆ ಮಾರಾಯ್ರೇ. ಪ್ರಾಸ ಬೇಕಾದವರು ಇಡಿ, ಬೇಡವಾದವರು ಬಿಡಿ:

ಚಂದ್ರಗಿರಿ ಹೊಳೆ ನಮ್ಮ ನಲ್ಲಿಯಲಿ ಬಂತು