ಜಿಂಕೆ ತೊಗಲನ್ನು ನಾವೇ ಹದ ಮಾಡಬೇಕಾ, ಟ್ಯಾನರಿಗೆ ಕಳಿಸಬೇಕಾ?

ಮಡಿಕೇರಿ_ಮಂಜು:

ಎಲ್ಲರಿಗೂ ನಮಸ್ಕಾರ. ಊರು ಕೊಡಗು, ಈಗ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಹಗಲು ಆಫೀಸ್ ಕೆಲಸ, ಸಂಜೆ ಮತ್ತು ಶನಿವಾರ ಭಾನುವಾರ ಟ್ಯಾಕ್ಸಿಡರ್ಮಿ, ಅಂದರೆ ಬೇಟೆಯಾದ ಪ್ರಾಣಿಯ ತೊಗಲನ್ನು ಹದ ಮಾಡಿ ಜೀವಂತ ಇದ್ದ ಹಾಗೆ ಕಾಣುವ ಮೌಂಟ್ ಮಾಡುವ ಕೆಲಸ. ರಾಜ್ಯದ ಪರ್ಮಿಟ್ ಇದೆ, ಮನೆಯ ಗ್ಯಾರೇಜೇ ಅಂಗಡಿ. ಬರುವುದು ಹೆಚ್ಚಾಗಿ ವೈಟ್‌ಟೇಲ್ ಜಿಂಕೆ, ಅದೂ ತಲೆಯಿಂದ ಭುಜದವರೆಗಿನ ಮೌಂಟ್. ಬಿಲ್ಲು ಬಾಣದವರು ಸೆಪ್ಟೆಂಬರ್ ಮಧ್ಯದಿಂದ ಒಬ್ಬೊಬ್ಬರಾಗಿ ಬರುತ್ತಾರೆ. ಬಂದೂಕಿನ ಸೀಸನ್ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರ ಶುರುವಾಗಿ 9 ದಿನ ನಡೆಯುತ್ತದೆ, ಆ ವಾರ ಫ್ರೀಜರ್ ಮುಚ್ಚಳ ಹಾಕೋಕೂ ಆಗುವುದಿಲ್ಲ.

ಇಲ್ಲಿಯವರೆಗೆ ಕೇಪ್‌ಗಳನ್ನು (ತಲೆಯಿಂದ ಭುಜದವರೆಗಿನ ತೊಗಲು) ನಾನೇ ಹದ ಮಾಡುತ್ತಿದ್ದೆ. ಈ ಸಲ ಕೆಲಸ ಜಾಸ್ತಿ. ಎಲ್ಲವನ್ನೂ ಟ್ಯಾನರಿಗೆ ಕಳಿಸೋಣ ಅಂತ ಯೋಚನೆ. ಆದರೆ ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು, ತೊಗಲನ್ನು ಬೇರೆಯವರ ಕೈಗೆ ಕೊಡುವವನು ಅರ್ಧ ಟ್ಯಾಕ್ಸಿಡರ್ಮಿಸ್ಟ್ ಅಂತ ಖಡಾಖಂಡಿತವಾಗಿ ಹೇಳುತ್ತಾರೆ. ಪಕ್ಕದ ಊರಿನ ಇನ್ನೊಬ್ಬರು ಒಂದು ಅಳಿಲನ್ನೂ ಮನೆಯಲ್ಲಿ ಹದ ಮಾಡುವುದಿಲ್ಲ. ಇಬ್ಬರ ಮೌಂಟ್‌ಗಳೂ ಚೆನ್ನಾಗಿರುತ್ತವೆ, ಅದೇ ನನ್ನ ಕಷ್ಟ.

ಗಿರಾಕಿಗೆ ಅದು ಜೀವಮಾನದಲ್ಲಿ ಸಿಕ್ಕ ಒಂದೇ ಜಿಂಕೆ ಆಗಿರಬಹುದು. ಕೂದಲು ಉದುರಿದರೆ ಬೇರೆ ತೊಗಲು ಹಾಕಿ ಕೊಡಬಹುದು, ಆದರೆ ಅದು ಅವನ ಜಿಂಕೆ ಅಲ್ಲ, ಅಲ್ವಾ? ಈ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಟೆಕ್ಸಾಸ್_ಶಿವು:

ಮಂಜು, ಕಳಿಸಿ. ಯೋಚನೆ ಬೇಡ. ನಾನು ಹೊಟ್ಟೆಪಾಡಿಗೆ ಇದೇ ಕೆಲಸ ಮಾಡುತ್ತೇನೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಟ್ಯಾನರಿಯಲ್ಲಿ ಇರುವುದು ನಮ್ಮಲ್ಲಿ ಇಲ್ಲ. ತೊಗಲನ್ನು ಒಂದೇ ಸಮ ತೆಳು ಮಾಡುವ ದೊಡ್ಡ ಚಕ್ರದ ಮೆಷಿನ್ ಅಲ್ಲಿದೆ, ಅದರ ಮುಂದೆ ವರ್ಷಗಟ್ಟಲೆ ನಿಂತು ಕೈ ಪಳಗಿದ ಮನುಷ್ಯ ಇದ್ದಾನೆ, ಹದವಾದ ತೊಗಲನ್ನು ಮರದ ಹೊಟ್ಟಿನ ಜೊತೆ ಉರುಳಿಸಿ ಮೆತ್ತಗೆ ಮಾಡುವ ಡ್ರಮ್ ಇದೆ. ತೆಳು ಮಾಡುವುದೇ ಇದರಲ್ಲಿ ಮುಖ್ಯ. ತೊಗಲು ದಪ್ಪ ಉಳಿದರೆ ಹದಕ್ಕೆ ಮೊದಲು ನೆನೆಸುವ ಆಮ್ಲ ಒಳಗೆ ಇಳಿಯುವುದಿಲ್ಲ, ಹದದ ಮದ್ದೂ ಇಳಿಯುವುದಿಲ್ಲ, ಕೊನೆಗೆ ಫಾರ್ಮ್ (ತೊಗಲು ಹೊದಿಸುವ ಒಳಗಿನ ಗೊಂಬೆ) ಮೇಲೆ ಒಣಗುವಾಗ ಎಳೆದುಕೊಂಡು ಕಣ್ಣಿನ ಸುತ್ತ, ತುಟಿಯ ಹತ್ತಿರ, ಕತ್ತಿನ ಹೊಲಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ. ಕೆನ್ನೆ, ಮೂಗಿನ ಪಕ್ಕದ ತಗ್ಗುಗಳಲ್ಲಿ ಅಂಟು ಬಿಟ್ಟು ತೊಗಲು ಮೇಲೆದ್ದು ನಿಲ್ಲುತ್ತದೆ. ಇದನ್ನೇ ನಾವು ಡ್ರಮ್ಮಿಂಗ್ ಅನ್ನುವುದು. ಮೌಂಟ್ ಗೋಡೆಗೆ ಹೋಗಿ ಆರು ತಿಂಗಳಾದ ಮೇಲೆ ಗಿರಾಕಿ ಫೋನ್ ಮಾಡುವುದು ಇದಕ್ಕೇ.

ಆದರೆ ಒಂದು ಮಾತು. ಟ್ಯಾನರಿ ತೊಗಲು ಹಾಳು ಮಾಡಿತು ಅಂತ ಕೇಳುವ ದೂರುಗಳಲ್ಲಿ ಹೆಚ್ಚಿನವು, ತೊಗಲು ಟ್ಯಾನರಿ ಬಾಗಿಲು ತಲುಪುವ ಮೊದಲೇ ಹಾಳಾಗಿರುವಂಥವು. ಕೂದಲು ಉದುರಿಸುವುದು ಬ್ಯಾಕ್ಟೀರಿಯಾ. ನಮ್ಮ ಟೆಕ್ಸಾಸ್‌ನಲ್ಲಿ ಅಕ್ಟೋಬರ್‌ನಲ್ಲೂ 30 ಡಿಗ್ರಿ ದಾಟುತ್ತದೆ. ಜಿಂಕೆಯನ್ನು ಪಿಕಪ್ ಹಿಂದೆ ಹಾಕಿಕೊಂಡು ಊರೆಲ್ಲ ತೋರಿಸಿ ಸಂಜೆ ತಂದರೆ, ಅಲ್ಲಿಗೆ ಅರ್ಧ ಕೆಲಸ ಕೆಟ್ಟಿರುತ್ತದೆ. ಮುಟ್ಟಿದರೆ ಏನೂ ಗೊತ್ತಾಗುವುದಿಲ್ಲ. ಮತ್ತೆ ನೆನೆಸಿ ಆಮ್ಲಕ್ಕೆ ಹಾಕಿದಾಗ ಹೊಟ್ಟೆ ಕಡೆ, ಕಿವಿ ಹಿಂದೆ ಕೂದಲು ಕೈಗೆ ಬರುತ್ತದೆ. ಆಗ ಬೈಗುಳ ಟ್ಯಾನರಿಗೆ.

ಹಾಗಾಗಿ ಕಳಿಸುವ ಮೊದಲಿನ ಕೆಲಸ ಪೂರ್ತಿ ನಿಮ್ಮದೇ. ಕಿವಿಯನ್ನು ತುದಿಯವರೆಗೆ ಮಗುಚಿ ಒಳಗಿನ ಮೃದು ಎಲುಬನ್ನು ಬಿಡಿಸಬೇಕು. ತುಟಿ, ಕಣ್ಣಿನ ರೆಪ್ಪೆ, ಮೂಗು ಎಲ್ಲ ಒಳಗಿನಿಂದ ಸೀಳಿ ಬಿಡಿಸಬೇಕು. ಒಂದು ಚೂರು ಮಾಂಸ ಕೊಬ್ಬು ಉಳಿಯಬಾರದು, ಅದರಡಿ ಉಪ್ಪು ಹೋಗುವುದಿಲ್ಲ. ಆಮೇಲೆ ಅಯೋಡಿನ್ ಇಲ್ಲದ ಪುಡಿ ಉಪ್ಪು, ಕಲ್ಲುಪ್ಪು ಬೇಡ. ತೊಗಲಿನ ತೂಕದಷ್ಟೇ ಉಪ್ಪು ಅಂತ ಲೆಕ್ಕ ಇಟ್ಟುಕೊಳ್ಳಿ, ಕೈ ಹಿಡಿಯಬೇಡಿ. ಇಳಿಜಾರಾದ ಹಲಗೆ ಮೇಲೆ ಇಟ್ಟರೆ ನೀರು ಸೋರಿ ಹೋಗುತ್ತದೆ. ಮಾರನೆ ದಿನ ಆ ಒದ್ದೆ ಉಪ್ಪನ್ನು ಕೊಡವಿ ಎಸೆದು ಹೊಸ ಉಪ್ಪು ಹಾಕಿ. ಹಳೆಯ ಉಪ್ಪನ್ನು ಇನ್ನೊಂದು ತೊಗಲಿಗೆ ಬಳಸಿದರೆ ಬ್ಯಾಕ್ಟೀರಿಯಾವನ್ನು ನೀವೇ ದಾಟಿಸಿದ ಹಾಗೆ. ನಂತರ ನೇತುಹಾಕಿ ಒಣಗಿಸಿ. ಪೂರ್ತಿ ಮರಗಟ್ಟುವ ಮೊದಲು ಮಡಿಸಿಬಿಡಿ, ಇಲ್ಲದಿದ್ದರೆ ಪೆಟ್ಟಿಗೆಗೆ ಹಿಡಿಸುವುದಿಲ್ಲ.

ಇಷ್ಟು ಮಾಡಿ ಕಳಿಸಿದ ತೊಗಲು ಚೆನ್ನಾಗಿಯೇ ವಾಪಸ್ ಬರುತ್ತದೆ. ನಮಗೆ ಗಿರಾಕಿ ದುಡ್ಡು ಕೊಡುವುದು ಆ ಮುಖದ ಭಾವಕ್ಕೆ, ಕಣ್ಣಿನ ನೋಟಕ್ಕೆ. ರಾತ್ರಿ ಪೂರ್ತಿ ತೊಗಲು ಕೆರೆಯುತ್ತ ಕೂತರೆ ಬೆಳಿಗ್ಗೆ ಕಣ್ಣು ಕೂರಿಸುವಾಗ ಕೈ ನಡುಗುತ್ತದೆ.

ಲತಾ_ಒಂಟಾರಿಯೊ:

ಶಿವು ಅವರು ಉಪ್ಪಿನ ಬಗ್ಗೆ ಹೇಳಿದ್ದು ಅಕ್ಷರಶಃ ಸರಿ, ಅದನ್ನು ಪ್ರಿಂಟ್ ತೆಗೆದು ಗ್ಯಾರೇಜಿನಲ್ಲಿ ಅಂಟಿಸಿಕೊಳ್ಳಿ. ಆದರೆ ಎಲ್ಲವನ್ನೂ ಕಳಿಸಿ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಜಿಂಕೆ ಕೇಪ್ ಎಷ್ಟು ದೊಡ್ಡದು? ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿಸುತ್ತದೆ. ನೀರು, ಉಪ್ಪು, ಆಮ್ಲದಲ್ಲಿ ಮೂರು ದಿನ ಇಡಿ, ನಾನು ಫಾರ್ಮಿಕ್ ಬಳಸುತ್ತೇನೆ. ಪಿಎಚ್, ಅಂದರೆ ಹುಳಿಯ ಅಳತೆ, 2ರ ಆಸುಪಾಸು ಇರಬೇಕು, ದಿನಾ ಪಿಎಚ್ ಪಟ್ಟಿ ಅದ್ದಿ ನೋಡಿ. ಆಮ್ಲ ಹಾಕುವ ಮೊದಲೇ ನೀರಿನಲ್ಲಿ ಉಪ್ಪು ಕರಗಿರಬೇಕು. ಉಪ್ಪಿಲ್ಲದೆ ಆಮ್ಲ ಬಿದ್ದರೆ ತೊಗಲು ಊದಿಕೊಂಡು ಕೆಡುತ್ತದೆ. ಆಮ್ಲದಲ್ಲಿ ತೊಗಲು ಬೆಳ್ಳಗೆ ಗಟ್ಟಿಯಾಗುತ್ತದೆ, ಆಗ ತೆಳು ಮಾಡುವುದು ಸುಲಭ. ತೆಳು ಮಾಡಿ ಮತ್ತೆ ಒಂದು ದಿನ ಆಮ್ಲಕ್ಕೆ. ಆಮೇಲೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ 15-20 ನಿಮಿಷ, ಅದಕ್ಕಿಂತ ಜಾಸ್ತಿ ಬೇಡ, ನಂತರ ಹದದ ಮದ್ದು, ಎಣ್ಣೆ. ಸುತ್ತಿ ಫ್ರೀಜರ್‌ಗೆ ಹಾಕಿದರೆ ಬೇಕಾದಾಗ ತೆಗೆದು ಮೌಂಟ್ ಮಾಡಬಹುದು. ಒಂದು ವಾರದಲ್ಲಿ ಮುಗಿಯುವ ಕೆಲಸಕ್ಕೆ ತಿಂಗಳುಗಟ್ಟಲೆ ಕಾಯುವುದು ಯಾಕೆ?

ನಾನು ಒಂದು ಟ್ಯಾನರಿಗೆ ಕಳಿಸಿದ ಕೇಪ್, ಹೇಳಿದ ತಿಂಗಳು ಕಳೆದು ಎಷ್ಟೋ ದಿನದ ಮೇಲೆ ಬಂತು. ಮೂಗಿನ ಮೇಲೆ, ಕೂದಲು ಅತಿ ಗಿಡ್ಡ ಇರುವ ಜಾಗದಲ್ಲಿ, ಬ್ಲೇಡ್ ತೂರಿ ಹೋಗಿತ್ತು. ಎದೆ ಕಡೆ ತೂತಾದರೆ ಹೊಲಿದು ಮುಚ್ಚಬಹುದು, ಉದ್ದ ಕೂದಲು ಮರೆಮಾಡುತ್ತದೆ. ಮೂಗಿನ ಮೇಲೆ ಏನು ಮಾಡುವುದು? ಅವರ ರಸೀತಿಯಲ್ಲಿ ತೊಗಲಿಗೆ ಆಗುವ ಹಾನಿಗೆ ನಾವು ಹೊಣೆ ಅಲ್ಲ ಅಂತ ಮೊದಲೇ ಅಚ್ಚಾಗಿತ್ತು. ಗಿರಾಕಿ ಮುಂದೆ ನಿಂತದ್ದು ನಾನು, ಟ್ಯಾನರಿಯವರಲ್ಲ. ಅವತ್ತಿನಿಂದ ಜಿಂಕೆಯ ಮುಖವನ್ನು ನಾನೇ ತೆಳು ಮಾಡುತ್ತೇನೆ.

ಕರಡಿ ಬಂದರೆ ಮಾತ್ರ ನಾನೂ ಟ್ಯಾನರಿಗೇ ಕಳಿಸುತ್ತೇನೆ. ಕರಡಿ ತೊಗಲು ಪೂರ್ತಿ ಕೊಬ್ಬು. ಮೇಲಿನದನ್ನು ಕೆರೆದರೂ ಒಳಗೆ ಎಣ್ಣೆ ಉಳಿದಿರುತ್ತದೆ, ಅದು ಹೋಗದಿದ್ದರೆ ಹದ ಹಿಡಿಯುವುದಿಲ್ಲ. ಇಡೀ ಪ್ರಾಣಿಯ ಮೌಂಟ್, ಮೂಸ್, ಎಲ್ಕ್, ಇವೂ ಗ್ಯಾರೇಜಿನ ಕೆಲಸ ಅಲ್ಲ, ಒದ್ದೆಯಾದಾಗ ಎತ್ತೋಕೇ ಇಬ್ಬರು ಬೇಕು. ಹಕ್ಕಿಗಳನ್ನು ಟ್ಯಾನರಿಗೆ ಕಳಿಸುವ ಪ್ರಶ್ನೆಯೇ ಇಲ್ಲ. ಅವುಗಳ ತೊಗಲು ಕಾಗದದಷ್ಟು ತೆಳು, ತೊಳೆದು ಕೊಬ್ಬು ತೆಗೆದು ಬೋರಾಕ್ಸ್‌ನಂಥ ಒಣ ಪುಡಿ ಹಚ್ಚಿದರೆ ಸಾಕು.

ಇನ್ನೊಂದು ವಿಷಯ. ನಿಮ್ಮದು ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಾದರೆ ಉಪ್ಪುನೀರು, ಆಮ್ಲ ಅದಕ್ಕೆ ಬಿಡಬೇಡಿ. ಅಂಗಳಕ್ಕೂ ಚೆಲ್ಲಬೇಡಿ, ಹುಲ್ಲು ಹುಟ್ಟುವುದಿಲ್ಲ. ಸೋಡಾ ಹಾಕಿ ಆಮ್ಲದ ಹುಳಿ ಮುರಿದು, ನಿಮ್ಮ ಊರಿನ ತ್ಯಾಜ್ಯದವರು ಹೇಳಿದ ಹಾಗೆ ವಿಲೇವಾರಿ ಮಾಡಿ. ಮನೆಯಲ್ಲಿ ಹದ ಮಾಡುವವರು ಇದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸುವುದೇ ಇಲ್ಲ.

ಹಾವೇರಿ_ಹುಡುಗ:

ನನಗೆ ಈ ಕೆಲಸ ಗೊತ್ತಿಲ್ಲ, ಸುಮ್ನೆ ಕೇಳುತ್ತಿದ್ದೇನೆ. ನಮ್ಮಲ್ಲಿ ಸಾಕಿದ ನಾಯಿಯನ್ನೋ ಟಗರನ್ನೋ ಹೀಗೆ ಇಟ್ಟುಕೊಳ್ಳಬೇಕು ಅಂದರೆ ತೊಗಲನ್ನು ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಕಡೆಯ ಟ್ಯಾನರಿಗೆ ಕಳಿಸಬಹುದಾ? ಅಲ್ಲಿ ಎಷ್ಟೊಂದು ಇವೆ.

ಮೈಸೂರು_ಮೇಷ್ಟ್ರು:

ಹಾವೇರಿಯ ತಮ್ಮಾ, ಅಲ್ಲಿಗೆ ಕಳಿಸಿದರೆ ಚಪ್ಪಲಿಗೆ ಆಗುವಂಥ ಚರ್ಮ ವಾಪಸ್ ಬರುತ್ತದೆ. ಅವರ ಕೆಲಸ ಶುರುವಾಗುವುದೇ ಸುಣ್ಣದಲ್ಲಿ ನೆನೆಸಿ ಕೂದಲು ತೆಗೆಯುವುದರಿಂದ. ನಮ್ಮ ಹಳ್ಳಿಗಳಲ್ಲಿ ಸುಣ್ಣ ಮತ್ತು ತಂಗಡಿ ಚಕ್ಕೆಯಲ್ಲಿ ಹದ ಮಾಡುತ್ತಿದ್ದದ್ದೂ ಹಾಗೆಯೇ. ಮಂಜು, ಶಿವು ಮಾತಾಡುತ್ತಿರುವ ಟ್ಯಾನರಿ ಬೇರೆ ಥರದ್ದು, ಅಲ್ಲಿ ಕೂದಲನ್ನು ಉಳಿಸುವುದೇ ಕೆಲಸ. ಟ್ಯಾನರಿ ಅಂದ ತಕ್ಷಣ ಯಾವ ಟ್ಯಾನರಿ ಅಂತ ಕೇಳಬೇಕು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವನು. ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್ ಟ್ಯಾಕ್ಸಿಡರ್ಮಿ ಕಂಪನಿಯ ಹೆಸರು ಈ ಚರ್ಚೆಯಲ್ಲಿ ಇನ್ನೂ ಬಂದಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ಸುಮಾರು 1900ರಿಂದ 1999ರಲ್ಲಿ ಮುಚ್ಚುವವರೆಗೆ, ರಾಜಮಹಾರಾಜರ, ದೊರೆಗಳ ಹುಲಿ ಚಿರತೆಗಳು ಸಾವಿರಗಟ್ಟಲೆ ಅಲ್ಲಿಗೆ ಬಂದವು. ಅದನ್ನು ನಡೆಸಿದ ಅಣ್ಣತಮ್ಮಂದಿರಲ್ಲಿ ಕೊನೆಯವರಾದ ಜೂಬರ್ಟ್ ಅವರು 2013ರಲ್ಲಿ, 100 ವರ್ಷ ತುಂಬಿದ ಮೇಲೆ ಮೈಸೂರಿನಲ್ಲೇ ತೀರಿಕೊಂಡರು. ಅವರು ತೊಗಲನ್ನು ಹೊರಗೆ ಕಳಿಸಲಿಲ್ಲ. ಹದ ಮಾಡುವುದು, ಅಚ್ಚಿನಿಂದ ಕಾಗದದ ತಿರುಳಿನ ಗೊಂಬೆ ತೆಗೆಯುವುದು, ಹೊಲಿಯುವುದು, ಬಣ್ಣ, ಎಲ್ಲ ಒಂದೇ ಸೂರಿನಡಿ. ಶಿಕಾರಿಯವರು ಕಾಡಿನಲ್ಲಿ ತೊಗಲನ್ನು ಹೇಗೆ ಕಾಪಾಡಬೇಕು ಅಂತ ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ್ದರು. ಶಿವು ಹೇಳುವ ಮಾತು ಅವರಿಗೂ ಗೊತ್ತಿತ್ತು, ತೊಗಲು ಕೆಡುವುದು ಬೇಟೆಯಾದ ಮೊದಲ ಗಂಟೆಗಳಲ್ಲಿ.

ಮಂಜು, ನಿಮ್ಮ ಗುರುಗಳು ಹೇಳುವ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಅಂತ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಅದೊಂದು ಕಾರ್ಖಾನೆ. ಹದ ಮಾಡುವವನು ಜೀವಮಾನವಿಡೀ ಹದವನ್ನೇ ಮಾಡಿದ, ಹೊಲಿಯುವವನು ಹೊಲಿಗೆಯನ್ನೇ ಮಾಡಿದ. ಅಂದರೆ ಅವರ ಟ್ಯಾನರಿ ಅವರ ಕಾಂಪೌಂಡ್ ಒಳಗೇ ಇತ್ತು, ಅಷ್ಟೇ. ಆಫೀಸ್ ಮುಗಿಸಿ ಬಂದು ಒಬ್ಬರೇ ಎಲ್ಲವನ್ನೂ ಮಾಡುವವರು ತಮ್ಮನ್ನು ಅವರ ಜೊತೆ ಹೋಲಿಸಿಕೊಂಡು ಕೊರಗಬಾರದು. ಆದರೆ ಆ ಅಣ್ಣತಮ್ಮಂದಿರಿಗೆ ಹದವಾದ ತೊಗಲನ್ನು ಕೈಯಲ್ಲಿ ಹಿಡಿದು ಇದು ಆಗಿದೆ, ಇದು ಆಗಿಲ್ಲ ಅಂತ ಹೇಳುವುದು ಗೊತ್ತಿತ್ತು. ಅಷ್ಟು ಕಲಿಯದೆ ಎಲ್ಲವನ್ನೂ ಹೊರಗೆ ಕಳಿಸುವವನ ಬಗ್ಗೆ ನಿಮ್ಮ ಗುರುಗಳಿಗೆ ಇರುವ ಸಿಟ್ಟು ನನಗೆ ಅರ್ಥವಾಗುತ್ತದೆ.

ಊರಿನಲ್ಲಿರುವ ಓದುಗರಿಗೆ ಒಂದು ಎಚ್ಚರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲಿ ಕಾಡುಪ್ರಾಣಿಯ ತೊಗಲು, ತಲೆ, ಉಗುರು ಯಾವುದನ್ನೂ ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಹಾಕಿದ್ದಕ್ಕೆ ಬಿಗ್ ಬಾಸ್ ಸ್ಪರ್ಧಿಯನ್ನೇ ಬಂಧಿಸಿದ್ದು ನೆನಪಿದೆಯಲ್ಲ. ಅಜ್ಜನ ಕಾಲದ ಜಿಂಕೆ ತಲೆ ಹಾಳಾಗುತ್ತಿದೆ ಅಂತ ಯಾರ ಹತ್ತಿರವೂ ರಿಪೇರಿಗೆ ಒಯ್ಯಬೇಡಿ, ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ.

ಮಡಿಕೇರಿ_ಮಂಜು:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ನಮ್ಮ ಕಡೆಯ ಹಳೆ ಮನೆಗಳಲ್ಲಿ ಮೈಸೂರಿನಲ್ಲಿ ಮಾಡಿಸಿದ ತಲೆಗಳನ್ನು ನೋಡುತ್ತಲೇ ಬೆಳೆದವನು ನಾನು. ಒಳಗೆ ಏನಿದೆ ಅನ್ನುವ ಕುತೂಹಲ ಶುರುವಾದದ್ದೂ ಅಲ್ಲಿಂದಲೇ.

ಲತಾ ಅಕ್ಕ, ಹಂಚಿಕೊಂಡು ಮಾಡುವುದೇ ಸರಿ ಅಂತ ನನಗೂ ಅನ್ನಿಸುತ್ತಿದೆ. ಬಿಲ್ಲಿನ ಸೀಸನ್ನಿನ ಕೇಪ್‌ಗಳು ಒಂದೊಂದಾಗಿ ಬರುತ್ತವೆ, ಅವನ್ನು ನಾನೇ ಮಾಡುತ್ತೇನೆ. ಬಂದೂಕಿನ ಸೀಸನ್ನಿನವನ್ನೂ ಕರಡಿಗಳನ್ನೂ ಕಳಿಸುತ್ತೇನೆ. ಆದರೆ ಟ್ಯಾನರಿ ಒಳ್ಳೆಯದೋ ಅಲ್ಲವೋ ಅಂತ ಗಿರಾಕಿ ತೊಗಲು ಕಳಿಸುವ ಮೊದಲೇ ತಿಳಿಯುವುದು ಹೇಗೆ?

ಟೆಕ್ಸಾಸ್_ಶಿವು:

ಒಳ್ಳೆ ಪ್ರಶ್ನೆ. ಲತಾ ಅವರ ಮೂಗಿನ ಮೇಲಿನ ತೂತಿನ ಕಥೆ ಓದಿ ನನಗೂ ಸಂಕಟವಾಯಿತು. ಮುಖವನ್ನು ತಾವೇ ತೆಳು ಮಾಡುವ ಅವರ ನಿಯಮಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಮೊದಲು ನಿಮ್ಮದೇ ಬೇಟೆಯ ಕೇಪ್ ಕಳಿಸಿ. ಫೋನ್ ಮಾಡಿ ಕೇಳಿ: ಒದ್ದೆಯಾಗಿ ವಾಪಸ್ ಕೊಡುತ್ತೀರಾ, ಒಣಗಿಸಿಯಾ? ಮುಖವನ್ನೂ ಮೆಷಿನ್‌ನಲ್ಲೇ ತೆಳು ಮಾಡುತ್ತೀರಾ, ಅದನ್ನು ಬಿಟ್ಟುಬಿಡಿ ಅಂದರೆ ಬಿಡುತ್ತೀರಾ? ತೊಗಲು ಕಳೆದುಹೋದರೆ ಏನು ಕೊಡುತ್ತೀರಿ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಬಂದ ತೊಗಲನ್ನು ನೆನೆಸಿ ಎರಡೂ ಕೈಯಲ್ಲಿ ಎಳೆದು ನೋಡಿ. ಎಳೆದ ಕಡೆ ಬೆಳ್ಳಗೆ ಮೆತ್ತಗೆ ಹಿಗ್ಗಬೇಕು. ರಟ್ಟಿನ ಹಾಗೆ ನಿಂತರೆ ಹದ ಒಳಗೆ ಇಳಿದಿಲ್ಲ. ಪ್ರತಿ ತೊಗಲಿನ ಅಂಚಿಗೆ ನಿಮ್ಮದೇ ಗುರುತಿನ ತೂತುಗಳನ್ನು ಹೊಡೆದು, ಅದನ್ನು ಗಿರಾಕಿ ಹೆಸರಿನ ಮುಂದೆ ಪುಸ್ತಕದಲ್ಲಿ ಬರೆದಿಡಿ. ಹೇಗೂ ಪರ್ಮಿಟ್‌ನವರು ಬಂದರೆ ಲೆಕ್ಕ ತೋರಿಸಲೇಬೇಕು.

ಇನ್ನು ಅಳತೆ. ಕಣ್ಣಿನ ಮೂಲೆಯಿಂದ ಮೂಗಿನ ತುದಿಗೆ, ಕಿವಿಯ ಹಿಂದೆ ಕತ್ತಿನ ಸುತ್ತ, ಇವನ್ನು ತೊಗಲು ಸುಲಿದ ತಕ್ಷಣ ಆ ಮೈಯ ಮೇಲೇ ತೆಗೆದು ಬರೆದುಕೊಳ್ಳಿ. ಟ್ಯಾನರಿಯಿಂದ ಬಂದ ತೊಗಲು ಎಳೆದಷ್ಟೂ ಹಿಗ್ಗುತ್ತದೆ. ಅದರ ಅಳತೆ ನಂಬಿ ಫಾರ್ಮ್ ತರಿಸಿದರೆ ಇಲ್ಲದ ದಪ್ಪ ಕತ್ತಿನ ಜಿಂಕೆ ಮಾಡಿ ಕೊಡುತ್ತೀರಿ, ಒಣಗುವಾಗ ಹೊಲಿಗೆಯೂ ಬಿಡುತ್ತದೆ.

ಲತಾ_ಒಂಟಾರಿಯೊ:

ಅಳತೆಯ ಮಾತಿಗೆ ಸೇರಿಸುತ್ತೇನೆ, ಫ್ರೀಜರ್‌ಗೆ ಹಾಕುವ ಮೊದಲು ಮುಖದ ಫೋಟೋ ನಾಲ್ಕೂ ಕಡೆಯಿಂದ ತೆಗೆದಿಡಿ, ಕಿವಿಯ ಗಾಯ, ಮೂಗಿನ ಕಲೆ ಸಮೇತ. ಟ್ಯಾನರಿಯಿಂದ ಬಂದದ್ದು ಅದೇ ಜಿಂಕೆಯಾ ಅಂತ ಅನುಮಾನ ಬಂದಾಗ ಗುರುತು ಹಿಡಿಯೋಕೆ ಅದೂ ಬೇಕಾಗುತ್ತದೆ. ಮತ್ತೆ ವಿಸ್ಕಾನ್ಸಿನ್‌ನಲ್ಲಿ 2002ರಿಂದ ಜಿಂಕೆಗಳಿಗೆ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಮಿದುಳು ಕೆಡಿಸಿ ಕೊಲ್ಲುವ ಅಂಟುರೋಗ) ಕಾಯಿಲೆ ಇದೆ. ಕೊಂಬು ಅಂಟಿರುವ ತಲೆಬುರುಡೆಯ ತುಂಡಿನಿಂದ ಮಿದುಳಿನ ಚೂರು ಪೂರ್ತಿ ತೆಗೆಯಿರಿ, ಗ್ಲೌಸ್ ಹಾಕಿಕೊಳ್ಳಿ, ಉಳಿದ ತಲೆ ಮತ್ತು ಬೆನ್ನೆಲುಬನ್ನು ಕಾಡಿಗೆ ಎಸೆಯಬೇಡಿ.