ಸೇಡಂ ರೋಡ್ ಕಡೆ ಮೊದಲ ಪ್ಲಾಟ್: ಎನ್‌.ಎ. ತಗೋಬೇಕೋ, ಗುಂಟಾ ಪ್ಲಾಟೋ?

ತೊಗರಿ_ನಾಡು
ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯಾಗ ಹೂಡಿಕೆಗಂತ ಮೊದಲ ಪ್ಲಾಟ್ ತಗೊಳ್ಳೋ ವಿಚಾರ ಅದ. ಕೈಯಾಗ 12 ಲಕ್ಷ ಅದ. ಮನಿ ಕಟ್ಟೋದಿಲ್ಲ, ಐದಾರು ವರ್ಷ ಇಟ್ಟು ಮಾರೋದು. ಸೇಡಂ ರೋಡ್ ಕಡೆ ಎರಡು ನೋಡೀನಿ. ಒಂದು ಎನ್‌.ಎ. (ಕೃಷಿಯೇತರ ಜಮೀನಿನ) ಲೇಔಟಿನ 30×40, ಬರೋಬ್ಬರಿ 12 ಲಕ್ಷ ಹೇಳ್ಯಾರ. ಇನ್ನೊಂದು ಅದರ ಬಾಜೂಕ ಹೊಲಾನೇ ತುಂಡು ಮಾಡಿ ಗುಂಟಾ ಲೆಕ್ಕದಾಗ, ಅರ್ಧ ರೇಟು. ಬಾಂಡ್ ಪೇಪರ್ ಮ್ಯಾಲ ಬರದು ಕೊಡ್ತೀವಿ, ಮುಂದ ಎನ್‌.ಎ. ಆಗ್ತದ ಅಂತಾರ. ಯಾವುದು ಛಲೋ? ಏನೇನು ಕಾಗದ ನೋಡಬೇಕು?

ಪಹಣಿ_ಓದುಗ
ಗುಂಟಾ ಪ್ಲಾಟ್ ಬಿಟ್ಟುಬಿಡಿ ಸರ್. ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟ ಮಾತ್ರಕ್ಕೆ ಜಾಗ ನಿಮ್ಮದಾಗುವುದಿಲ್ಲ, ನೋಂದಣಿಯಾದ ಕ್ರಯಪತ್ರವೇ ಬೇಕು. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರಿದರೂ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಪಹಣಿಯ 9ನೇ ಕಾಲಮಿನಲ್ಲಿ ಹಳೆಯ ರೈತನ ಹೆಸರೇ ಉಳಿದಿರುತ್ತದೆ. ಅವರು ಅದನ್ನು ಇನ್ನೊಬ್ಬರಿಗೆ ಮಾರಬಹುದು, ಸಾಲಕ್ಕೆ ಇಡಬಹುದು, ತೀರಿಕೊಂಡರೆ ವಾರಸುದಾರರು ಬಂದು ನಿಲ್ಲಬಹುದು. ಇಷ್ಟೆಲ್ಲ ಆಗದಿದ್ದರೂ ಮಾರುವಾಗ ತೊಂದರೆ ತಪ್ಪುವುದಿಲ್ಲ: ಅದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಹಾಗಾಗಿ ಪೂರ್ತಿ ನಗದು ಇರುವವರೇ ಗಿರಾಕಿಯಾಗಬೇಕು. ಮಾರಲಿಕ್ಕೆಂದೇ ಕೊಳ್ಳುವವರು, ಬ್ಯಾಂಕು ಸಾಲ ಕೊಡುವಂಥ ಜಾಗವನ್ನಷ್ಟೇ ಕೊಳ್ಳಬೇಕು.

ಎನ್‌.ಎ. ಅಂದ ಮಾತ್ರಕ್ಕೂ ನಂಬಬೇಡಿ. ಎನ್‌.ಎ. ಆದೇಶ ಎಂದರೆ ಹೊಲ ಕೃಷಿಯೇತರ ಆಯಿತು ಎಂದಷ್ಟೇ. ಲೇಔಟ್ ಅನುಮೋದನೆ ಬೇರೆ ಕಾಗದ, ಅದನ್ನು ನಗರಾಭಿವೃದ್ಧಿ ಪ್ರಾಧಿಕಾರ ಕೊಡುತ್ತದೆ. ಅನುಮೋದಿತ ನಕ್ಷೆಯ ಪ್ರತಿ ಕೇಳಿ, ನಿಮ್ಮ ಪ್ಲಾಟ್ ನಂಬರು, ನಾಲ್ಕೂ ಬದಿಯ ಅಳತೆ ಮತ್ತು ಚಕ್ಕುಬಂದಿ ಅದರಲ್ಲಿದೆಯೇ ನೋಡಿ. ಆಮೇಲೆ ಬಿಡುಗಡೆ ಆದೇಶದಲ್ಲೂ (ಪ್ಲಾಟ್ ಮಾರಲು ಪ್ರಾಧಿಕಾರ ಕೊಡುವ ಅನುಮತಿ) ಆ ನಂಬರು ಇರಬೇಕು. ಉದ್ಯಾನಕ್ಕೆ ಬಿಟ್ಟ ಜಾಗವನ್ನೇ ಪ್ಲಾಟ್ ಮಾಡಿ ಮಾರಿದರೆ ಸಿಕ್ಕಿಬೀಳುವುದು ಇಲ್ಲೇ. ಲೇಔಟ್ 500 ಚದರ ಮೀಟರ್ ಮೀರಿದ್ದು ಪ್ಲಾಟುಗಳು ಎಂಟಕ್ಕಿಂತ ಹೆಚ್ಚಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರು ಕೇಳಿ.

ಒಂದು ಸುಲಭ ಲೆಕ್ಕ: ಎಕರೆಗೆ 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ತೆಗೆದರೆ ಸುಮಾರು ಅರ್ಧ ಉಳಿಯುತ್ತದೆ, ಅಂದರೆ 30×40ರ ಹದಿನೆಂಟು ಪ್ಲಾಟ್. ಎಕರೆಗೆ ಇಪ್ಪತ್ತೆಂಟು ಪ್ಲಾಟ್ ತೋರಿಸುತ್ತಿದ್ದರೆ ಅನುಮೋದಿತ ನಕ್ಷೆ ನೋಡದೆ ಮಾತು ಮುಂದುವರಿಸಬೇಡಿ.

ಖಾತೆ ಗ್ರಾಮ ಪಂಚಾಯಿತಿಯದಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಇರಬೇಕು. 11ಬಿ ಕೊಟ್ಟರೆ ಅದು ಅನುಮೋದನೆ ಇಲ್ಲದ ಆಸ್ತಿ. ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರವನ್ನು ಪ್ಲಾಟ್ ನಂಬರಿಗೆ ಮಾತ್ರವಲ್ಲ, ಮೂಲ ಸರ್ವೆ ನಂಬರಿಗೂ 30 ವರ್ಷದ್ದು ತೆಗೆಸಿ. ನೋಂದಣಿಯಾಗದ ಕರಾರು, ಕೋರ್ಟ್ ದಾವೆ ಅದರಲ್ಲಿ ಕಾಣಿಸುವುದಿಲ್ಲ. ದಾವೆಯನ್ನು ಇ-ಕೋರ್ಟ್ಸ್‌ನಲ್ಲಿ ಮಾಲೀಕರ ಹೆಸರಿನಿಂದ ಹುಡುಕಿ.

ಭೀಮಾ_ದಂಡಿ
ಮ್ಯಾಲಿನವ್ರು ಹೇಳಿದ್ದು ಖರೇ. ನಮ್ಮ ಕಡೆ ಇನ್ನೊಂದು ನೋಡಬೇಕ್ರಿ: ಎನ್‌.ಎ. ಆಗೋಕಿಂತ ಮೊದಲು ಆ ಹೊಲ ಯಾರದಿತ್ತು? ಇದು ಹಳೇ ನಿಜಾಮ ಸೀಮಿ, ಇನಾಂ ಜಮೀನು (ಹಿಂದಿನ ಆಳರಸರು ಕೊಡುಗೆ ಕೊಟ್ಟದ್ದು) ಭಾಳ. ಅದಕ್ಕ 1955ರ ಹೈದರಾಬಾದ್ ಇನಾಂ ರದ್ದಿಯಾತಿ ಕಾಯ್ದೆ ಅದ. ಹೊಲ ಹೆಂಗ ಅವರ ಹೆಸರಿಗಿ ಬಂತು ಅನ್ನೋ ಆದೇಶ ಕಾಗದದಾಗ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಹೊಲ ಆದ್ರ ಸರ್ಕಾರದ ಅನುಮತಿ ಇಲ್ದ ಮಾರಂಗಿಲ್ಲ, 1978ರ ಕಾಯ್ದೆ. 2023ರ ತಿದ್ದುಪಡಿ ಆದ ಮ್ಯಾಲ ಎಷ್ಟು ವರ್ಷ ಆಗಿದ್ರೂ ವಾಪಸ್ ಕೇಳಬಹುದು. ನೀವು ರೊಕ್ಕ ಕೊಟ್ಟೀನಿ ಅಂದ್ರ ನಡೆಯಂಗಿಲ್ಲ. ಹಳೇ ಪಹಣಿ ತೆಗೆಸಿ 10, 11ನೇ ಕಾಲಂ ಓದ್ರಿ, ವಕ್ಫ್, ಸರ್ಕಾರ, ಬ್ಯಾಂಕ್ ಬೋಜಾ ಏನಿದ್ರೂ ಅಲ್ಲಿ ಕಾಣಬೇಕು.

ಪಿತ್ರಾರ್ಜಿತ ಆದ್ರ ವಂಶವೃಕ್ಷ ಕೇಳ್ರಿ, ಹೆಣ್ಣುಮಕ್ಕಳ ಸಹಿ ಎಣಿಸ್ರಿ. ಅಣ್ಣತಮ್ಮರಷ್ಟೇ ಸಹಿ ಮಾಡಿದ್ದು, ಮುಂದ ಅಕ್ಕತಂಗಿಯರು ದಾವೆ ಹಾಕಿದ್ರ ಪ್ಲಾಟ್ ತಗೊಂಡೋರೂ ಕೋರ್ಟಿಗಿ ಹೋಗಬೇಕಾಗ್ತದ.

ಜಾಗಾನೂ ನೋಡ್ರಿ. ಯರಿ ಮಣ್ಣು ಬ್ಯಾಸಿಗ್ಯಾಗ ಬಿರಿತದ, ಮಳಿಗಾಲದಾಗ ಉಬ್ಬತದ. ಗಟ್ಟಿ ನೆಲ ಸಿಗೋತನ ಪಾಯ ತೆಗಿಬೇಕು, ಆ ಖರ್ಚು ನಿಮ್ಮ ಮುಂದಿನ ಗಿರಾಕಿ ರೇಟಿನಾಗ ಮುರಿತಾರ. ಮುರುಮ್ (ಗಟ್ಟಿ ಗರಸು ಮಣ್ಣು) ಇರೋ ಪ್ಲಾಟಿಗೆ ಅದಕ್ಕೇ ಬೆಲೆ. ಶಹಾಬಾದ್, ವಾಡಿ ಕಡೆ ತಗೊಳ್ಳೋರು ಹಳೇ ಫರಸಿ ಖಣಿ ಮುಚ್ಚಿದ ಜಾಗ ಏನು ಅಂತ ಊರಾಗ ಕೇಳ್ರಿ. ಜೋರು ಮಳಿ ಆದ ಮರುದಿನ ಒಮ್ಮೆ ಹೋಗಿ ನಿಂತು ನೋಡ್ರಿ.

ಕೂಡಿಸಿ_ಕಳೆದು
ಖರ್ಚಿನ ಮಾತು. ನಿಮ್ಮ ಹತ್ತಿರ 12 ಲಕ್ಷ ಇದ್ದರೆ ಪ್ಲಾಟ್ ಬೆಲೆ 11 ಲಕ್ಷ ದಾಟಬಾರದು. ಮುದ್ರಾಂಕ ಶುಲ್ಕ 5%, ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ 5.6%, ಹಳ್ಳಿ ಹದ್ದಿನಲ್ಲಿ 5.65%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. 11 ಲಕ್ಷಕ್ಕೆ ನಗರದ ಲೆಕ್ಕದಲ್ಲಿ 83,600 ರೂಪಾಯಿ. ಮಾರ್ಗಸೂಚಿ ದರ (ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ಹೆಚ್ಚಿದ್ದರೆ ಶುಲ್ಕವೂ ಅದರ ಮೇಲೆಯೇ. ವಕೀಲರು, ದಲ್ಲಾಳಿ, ಖಾತೆ ಬದಲಾವಣೆ ಬೇರೆ.

24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ದರದಲ್ಲಿ ತೆರಿಗೆ. ಆಮೇಲೆ 12.5%. ಖಾಲಿ ಪ್ಲಾಟಿನಿಂದ ಬಾಡಿಗೆ ಬರುವುದಿಲ್ಲ, ಆದ್ದರಿಂದ ಸಾಲ ಮಾಡಿ ಕೊಳ್ಳುವ ಯೋಚನೆ ಬೇಡ. 9% ಬಡ್ಡಿಯಾದರೆ 11 ಲಕ್ಷಕ್ಕೆ ಮೊದಲ ವರ್ಷವೇ 99,000 ಹೋಗುತ್ತದೆ.

ತೊಗರಿ_ನಾಡು
ಭಾಳ ಉಪಕಾರ ಆಯ್ತು. ಗುಂಟಾದ್ದು ಬಿಟ್ಟೆ. ಎನ್‌.ಎ. ಪ್ಲಾಟಿನವ್ರು ನಾಳೆನೇ 2 ಲಕ್ಷ ಸಂಚಕಾರ ಕ್ಯಾಶ್ ಕೊಡ್ರಿ, ಇನ್ನೊಬ್ಬರು ಕಾಯಲಿಕತ್ತಾರ ಅಂತಾರ.

ಪಹಣಿ_ಓದುಗ
ಕ್ಯಾಶ್ ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಮತ್ತು ಮೇಲ್ಪಟ್ಟು ನಗದು ಪಡೆಯುವಂತಿಲ್ಲ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ನಿಮ್ಮ ಕೈಯಲ್ಲೂ ಪುರಾವೆ ಉಳಿಯುವುದಿಲ್ಲ. ಮೊದಲು ಕಾಗದಗಳ ಪ್ರತಿ ಪಡೆದು ವಕೀಲರಿಗೆ ಕೊಡಿ. ಅವರು ಸರಿ ಎಂದ ಮೇಲೆ ಸಣ್ಣ ಮೊತ್ತವನ್ನು ಮಾಲೀಕರ ಖಾತೆಗೇ ಹಾಕಿ, ದಲ್ಲಾಳಿ ಖಾತೆಗಲ್ಲ. ಕರಾರಿನಲ್ಲಿ ಕ್ರಯದ ದಿನಾಂಕ ಹಾಕಿಸಿ, "ದಾಖಲೆಯಲ್ಲಿ ದೋಷ ಕಂಡರೆ ಸಂಚಕಾರ ಪೂರ್ತಿ ವಾಪಸ್" ಎಂಬ ಸಾಲು ಬರೆಸಿ. ಆ ಸಾಲಿಗೆ ಅವರು ಒಪ್ಪದಿದ್ದರೆ ಎದ್ದು ಬನ್ನಿ.